ಪಾತ್ರೆ ತೊಳೆಯಲು ಐವತ್ತು ಹೆಜ್ಜೆ

ಮಸಿ ಹಿಡಿದ ಪಾತ್ರೆಯನ್ನು ಬೈಕಲ್ ಸರೋವರದ ನೀರಿನಲ್ಲಿ ಅದ್ದಲು ಹೊರಟಿದ್ದೆ. ನನ್ನ ರಷ್ಯನ್ ಗೆಳೆಯನ ಅಪ್ಪ ಓಡಿಬಂದು ಕೈ ಹಿಡಿದರು. ಬೈಯಲಿಲ್ಲ. ಬಕೆಟ್‌ನಲ್ಲಿ ನೀರು ಮೊಗೆದುಕೊಂಡು ದಡದಿಂದ ಐವತ್ತು ಹೆಜ್ಜೆ ದೂರ ಕರೆದೊಯ್ದು, ಬೂದಿ ಮರಳು ಹಾಕಿ ಉಜ್ಜಿ ತೋರಿಸಿದರು. ತೊಳೆದ ನೀರನ್ನು ಅಲ್ಲೇ ತೋಡಿದ ಗುಂಡಿಗೆ ಸುರಿದರು. ನಮ್ಮಜ್ಜಿ ತೆಂಗಿನ ನಾರಿಗೆ ಬೂದಿ ಹಚ್ಚಿ ಪಾತ್ರೆ ಬೆಳಗುತ್ತಿದ್ದುದನ್ನು ನೋಡಿಯೇ ಬೆಳೆದವನು ನಾನು. ಆ ಪಾಠವನ್ನು ಸೈಬೀರಿಯಾದಲ್ಲಿ ಮತ್ತೆ ಕಲಿತೆ.

ನಾವಿದ್ದದ್ದು ಮಾಲೊಯೆ ಮೋರೆಯ ದಡದಲ್ಲಿ. ಇರ್ಕುತ್ಸ್ಕ್ ನಗರದಿಂದ ಅಲ್ಲಿಗೆ ಅರ್ಧ ದಿನದ ದಾರಿ. ‘ಪುಟ್ಟ ಕಡಲು’ ಎಂದು ಆ ಹೆಸರಿನ ಅರ್ಥ. ಓಲ್ಖೋನ್ ದ್ವೀಪಕ್ಕೂ ಈಚೆ ದಡಕ್ಕೂ ನಡುವೆ ಹರಡಿದ ಬೈಕಲ್‌ನ ಭಾಗ. ಅಲ್ಲಿನ ಜನ ಇಡೀ ಸರೋವರವನ್ನೇ ಕಡಲು ಎನ್ನುತ್ತಾರೆ. 1,642 ಮೀಟರ್ ಆಳದ ನೀರನ್ನು ಇನ್ನೇನೆಂದು ಕರೆಯಬೇಕು? ಸರ್ಮಾ ಎಂಬ ಕಣಿವೆಯಿಂದ ನುಗ್ಗುವ ಗಾಳಿಗೂ ಸರ್ಮಾ ಎಂದೇ ಹೆಸರು. ಅದಕ್ಕೆ ಹೆದರಿ ಡೇರೆಯ ಪ್ರತಿ ಗೂಟದ ಮೇಲೂ ಕಲ್ಲು ಹೇರಿದೆವು. ಸುತ್ತ ಒಣ ಹುಲ್ಲುಗಾವಲು. ಒಂದು ಕೊಂಬೆಯನ್ನೂ ಮುರಿಯದಂತೆ ಉರುವಲನ್ನು ಊರಿನಿಂದಲೇ ತಂದಿದ್ದರು, ಬೆಂಕಿಗೆಂದು ಗೊತ್ತುಮಾಡಿದ ಜಾಗದಲ್ಲೇ ಒಲೆ ಹೂಡಿದರು. ಸಂಜೆ ‘ಉಖಾ’ ಎಂಬ ಮೀನಿನ ಸಾರು ಕುದಿಯಿತು. ಇಳಿಸುವ ಮುನ್ನ ಗೆಳೆಯನ ಅಮ್ಮ ಉರಿಯುವ ಕೊಳ್ಳಿಯೊಂದನ್ನು ಅದರೊಳಗೆ ಚುಂಯ್ ಎನ್ನಿಸಿದರು. ಆ ಹೊಗೆಯ ಘಮ ಇವತ್ತಿಗೂ ಮೂಗಿನಲ್ಲಿದೆ.

ದಾರಿಯಲ್ಲಿ ಬಣ್ಣದ ಬಟ್ಟೆ ಸುತ್ತಿದ ಕಂಬಗಳ ಬಳಿ ಕಾರು ನಿಂತಿತ್ತು. ಅವು ಬೈಕಲ್ ಸುತ್ತಲಿನ ಮೂಲನಿವಾಸಿಗಳಾದ ಬುರ್ಯಾತ್ ಜನರ ಪವಿತ್ರ ಕಂಬಗಳು. ನಮ್ಮ ಜೊತೆಗಿದ್ದ ಬುರ್ಯಾತ್ ಗೆಳತಿ ನೆಲಕ್ಕೆ ನಾಲ್ಕು ಹನಿ ಹಾಲು ಚಿಮುಕಿಸಿದಳು. ತುಂಬಿದ ಕೆರೆಗೆ ಬಾಗಿನ ಕೊಡುವ ನಮ್ಮ ಹೆಂಗಸರು ಕಣ್ಣಮುಂದೆ ಬಂದರು.

ಆದರೆ ಬಾಗಿನ ಪಡೆದ ಕೆರೆಗೇ ನಾವು ಚರಂಡಿ ತಿರುಗಿಸಿದ್ದೇವೆ. ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿಬಂದದ್ದನ್ನೂ, 2018ರ ಜನವರಿಯಲ್ಲಿ ಆ ಕೆರೆಯಂಗಳ ಹೊತ್ತಿ ಉರಿದದ್ದನ್ನೂ ನೋಡಿದ ಮೇಲೆ, ಪೂಜೆಯೊಂದೇ ನೀರನ್ನು ಕಾಯುತ್ತದೆ ಎಂಬ ನಂಬಿಕೆ ನನ್ನಲ್ಲಿ ಉಳಿದಿಲ್ಲ. ಬೈಕಲ್ಲನ್ನು ‘ಪವಿತ್ರ ಕಡಲು’ ಎಂದು ಹಾಡುವ ದೇಶವೂ ಅದರ ದಡದಲ್ಲೇ 1966ರಲ್ಲಿ ಕಾಗದದ ತಿರುಳಿನ ಕಾರ್ಖಾನೆ ತೆರೆಯಿತು. ಮುಚ್ಚುವಷ್ಟರಲ್ಲಿ 2013 ಬಂದಿತ್ತು. ಆ ಸರೋವರದ ನೀರು ಪೂರ್ತಿ ಹೊಸದಾಗಲು 300 ವರ್ಷಕ್ಕೂ ಹೆಚ್ಚು ಬೇಕು. “ಇವತ್ತು ನೀನು ಬಿಟ್ಟ ಸಾಬೂನು ನನ್ನ ಮರಿಮಕ್ಕಳಿಗೂ ಸಿಗುತ್ತದೆ” ಎಂದರು ಗೆಳೆಯನ ಅಪ್ಪ.

ರಷ್ಯನ್ನರೆಲ್ಲ ಹೀಗೆಯೇ ಎನ್ನಲಾರೆ. ಪಕ್ಕದ ಕೊಲ್ಲಿಯಲ್ಲಿ ಯಾರೋ ಬಿಟ್ಟುಹೋದ ಒಡೆದ ಬಾಟಲಿಗಳ ರಾಶಿಯಿತ್ತು. ಹೊರಡುವ ದಿನ ಇವರು ತಮ್ಮ ಕಸದ ಜೊತೆಗೆ ಅದನ್ನೂ ಎರಡು ಚೀಲಗಳಲ್ಲಿ ತುಂಬಿ ಕಾರಿಗೆ ಹಾಕಿಕೊಂಡರು. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಈಗ ಶರಾವತಿ ಹಿನ್ನೀರಿನ ದಡದಲ್ಲೂ ಡೇರೆಗಳು ಏಳುತ್ತಿವೆ. ಕಳೆದ ಚಳಿಗಾಲದಲ್ಲಿ ಹೋದಾಗ ಎಂಜಲು ತಟ್ಟೆಗಳನ್ನು ಹೊತ್ತು ನಾನೊಬ್ಬನೇ ದಿಬ್ಬ ಹತ್ತಿದೆ. ಮರುದಿನ ಬೆಳಿಗ್ಗೆ ಜೊತೆಗೆ ಬಂದಿದ್ದ ಇಲ್ಲಿನ ಗೆಳೆಯನೊಬ್ಬನ ಹತ್ತು ವರ್ಷದ ಮಗಳು ಬಕೆಟ್ ಹಿಡಿದು ಬಂದು, “ಮಾಮಾ, ಗುಂಡಿ ಎಲ್ಲಿ ತೋಡಬೇಕು?” ಎಂದು ಕೇಳಿದಳು.