ಮುಖ ಬೇಡ, ನೋಟ್‌ಬುಕ್ ತೋರಿಸು

ಮೊನ್ನೆ ಒಬ್ಬ ತಂದೆ ಫೋನ್ ಮಾಡಿದ್ದರು. "ಮೇಡಂ, ಮಗಳ ಆನ್‌ಲೈನ್ ಕ್ಲಾಸಿಗೆ ಟ್ಯಾಬ್ ತಗೊಳ್ಳೋದಾ, ಲ್ಯಾಪ್‌ಟಾಪ್ ತಗೊಳ್ಳೋದಾ?" ಏನೂ ಬೇಡ, ಕ್ಲಾಸ್ ನೋಡೋಕೆ ಒಂದು ಮೊಬೈಲ್, ಜೊತೆಗೆ ಮೂಲೆಗೆ ಬಿದ್ದ ಹಳೇ ಮೊಬೈಲ್ ಇನ್ನೊಂದು, ಎರಡು ಸ್ಟೀಲ್ ಡಬ್ಬಿ ಅಂದೆ. ಡಬ್ಬಿ ಅಂದ ಕೂಡಲೇ ಅವರು ಸುಮ್ಮನಾಗಿಬಿಟ್ಟರು. ತಮಾಷೆಗೆ ಹೇಳಿದ್ದಲ್ಲ. ಎರಡು ಡಬ್ಬಿ ನಿಲ್ಲಿಸಿ, ಮೇಲೆ ಅಡ್ಡಲಾಗಿ ಎರಡು ಸ್ಕೇಲ್ ಇಟ್ಟು, ಅದರ ಮೇಲೆ ಕ್ಯಾಮೆರಾ ಕೆಳಗೆ ನೋಡುವ ಹಾಗೆ ಹಳೇ ಮೊಬೈಲ್ ಇಡಬೇಕು. ಕೆಳಗೆ ನೋಟ್‌ಬುಕ್. ಮಗುವಿನ ಮುಖ ಕಾಣದಿದ್ದರೂ ನಡೆಯುತ್ತದೆ, ಪೆನ್ಸಿಲ್ ಕಾಣಬೇಕು.

ಬಳ್ಳಾರಿಯಲ್ಲಿ ಕೂತು ಎಲ್ಲೆಲ್ಲೋ ಇರುವ ಹೋಮ್‌ಸ್ಕೂಲಿಂಗ್ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ ಅಂದರೆ ನಮ್ಮ ಓಣಿಯವರಿಗೆ ಇನ್ನೂ ಅನುಮಾನ. ಶಾಲೆಗೇ ಹೋಗದವರಿಗೆ ಎಂಥ ಪಾಠ ಅಂತ. ಇವರಲ್ಲಿ ಸುಮಾರು ಮಕ್ಕಳು ಮುಂದೆ ಎನ್‌ಐಒಎಸ್ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯುವವರು. ಅದಕ್ಕೆ 14 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಯೂನಿಟ್ ಟೆಸ್ಟ್ ಇಲ್ಲ, ರ‍್ಯಾಂಕ್ ಇಲ್ಲ. ನನಗೆ ಅದು ಇಷ್ಟವೇ. ಆದರೆ ನೋಟ್‌ಬುಕ್ಕಿಗೆ ಕೆಂಪು ಪೆನ್ ಮುಟ್ಟಿಸುವವರೂ ಇಲ್ಲ, ಅಲ್ವಾ? ತಪ್ಪು ವರ್ಷಗಟ್ಟಲೆ ಹಾಯಾಗಿ ಮಲಗಿರುತ್ತದೆ.

ಇದು ನನಗೆ ಗೊತ್ತಾಗಿದ್ದು ನಾನೇ ಎಡವಿದ ಮೇಲೆ. ಒಬ್ಬ ಹುಡುಗ, ಬಹಳ ಚುರುಕು. ಎರಡು ತಿಂಗಳು ಸ್ಕ್ರೀನ್ ಮೇಲೆ ಕ್ವಿಜ್ ಕೊಟ್ಟೆ, ನಾಲ್ಕು ಉತ್ತರದಲ್ಲಿ ಒಂದು ಒತ್ತುವುದು. ಯಾವಾಗಲೂ 10ಕ್ಕೆ 9. ನನಗೂ ಖುಷಿ, ಅವರಮ್ಮನಿಗೂ ಖುಷಿ. ಒಂದಿನ ಕರೆಂಟ್ ಹೋಗಿ (ಏಪ್ರಿಲ್ ತಿಂಗಳು, ಬಳ್ಳಾರಿ, ಬೇರೆ ಹೇಳಬೇಕಾ) ಕ್ವಿಜ್ ತೆರೆಯಲಾಗಲಿಲ್ಲ. ಮೊಬೈಲ್ ಡೇಟಾದಲ್ಲೇ, ಪೇಪರ್ ಮೇಲೆ ಮಾಡಪ್ಪಾ ಅಂತ ಒಂದು ಲೆಕ್ಕ ಹೇಳಿದೆ: 100 − (x − 30) = 80. ಅವನು ಬರೆದದ್ದು 100 − x − 30. ಉತ್ತರ ಮೈನಸ್ 10. ಹಾಗಾದರೆ ಇಷ್ಟು ದಿನ ಹೇಗೆ ಸರಿ ಬರುತ್ತಿತ್ತು? "ನಾಲ್ಕೂ ಉತ್ತರ ಒಂದೊಂದೇ x ಜಾಗದಲ್ಲಿ ಹಾಕಿ ನೋಡ್ತಿದ್ದೆ ಮಿಸ್, ಯಾವುದು ಕೂಡುತ್ತೋ ಅದನ್ನ ಒತ್ತೋದು." ಜಾಣ! ಸಮೀಕರಣ ಬಿಡಿಸುವುದೊಂದು ಬಿಟ್ಟು ಎಲ್ಲಾ ಕಲಿತಿದ್ದ. ಅವನ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೆ ಬಂತು.

ಆಮೇಲೆ x ಪಕ್ಕಕ್ಕಿಟ್ಟು ಒಗ್ಗರಣೆ ಮಿರ್ಚಿಗೆ ಬಂದೆವು. ಕೈಯಲ್ಲಿ 100 ರೂಪಾಯಿ ಇದೆ. 50ರ ನೋಟು ಕೊಟ್ಟೆ, ಅಂಗಡಿಯವನು 30 ಚಿಲ್ಲರೆ ವಾಪಸ್ ಕೊಟ್ಟ. ಆ 30 ನಿನಗೆ ಬಂತೋ, ಹೋಯಿತೋ? ಬಂತು. ಹಾಗಾದರೆ ಅದರ ಮುಂದೆ ಪ್ಲಸ್ಸೋ ಮೈನಸ್ಸೋ? ಸ್ವಲ್ಪ ಹೊತ್ತು ಬಿಟ್ಟು ಅವನೇ ನಗೋಕೆ ಶುರು ಮಾಡಿದ, "ನಾನು ಅವನಿಗೆ ಮೈನಸ್ 10 ರೂಪಾಯಿ ನೋಟು ಕೊಟ್ಟಿದ್ದೆ ಮಿಸ್." ಅವತ್ತಿಂದಲೇ ಡಬ್ಬಿ ವ್ಯವಸ್ಥೆ. ಪಕ್ಕದಲ್ಲಿ ಕೂತು ಪಿಸುಪಿಸು ಉತ್ತರ ಹೇಳುವ ತಾಯಂದಿರಿಗೂ ಒಂದು ಮಾತು, ಮೈಕಿಗೆ ಎಲ್ಲಾ ಕೇಳುತ್ತದೆ.

ವಿಜ್ಞಾನಕ್ಕೆ ಆನ್‌ಲೈನ್ ಆಗಲ್ಲ ಅನ್ನುವವರ ಮಾತು ನಾನು ಅರ್ಧ ಒಪ್ಪುತ್ತೇನೆ. ಆಸಿಡ್ ಪ್ರಯೋಗ ಮೊಬೈಲ್ ಎದುರು ಮಾಡಿಸುವ ಧೈರ್ಯ ನನಗಿಲ್ಲ, ವಿಡಿಯೋ ನೋಡಿದರೆ ಪ್ರಾಕ್ಟಿಕಲ್ ಮಾಡಿದಂತೆ ಆಗುವುದೂ ಇಲ್ಲ. ಆದರೆ ಒಂದೇ ಕ್ಲಾಸ್‌ರೂಮಿನಲ್ಲಿ ಆಗದ್ದು ಇಲ್ಲಿ ಆಗುತ್ತದೆ. ಬಳ್ಳಾರಿಯಲ್ಲಿ ಮೇ ತಿಂಗಳು ಶುರುವಾಗುವ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. 12ಕ್ಕಲ್ಲ, 12:20ರ ಆಸುಪಾಸು, ಯಾಕೆಂದರೆ ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ದೆಹಲಿ ಹೆಚ್ಚುಕಡಿಮೆ ಬಳ್ಳಾರಿಯ ನೇರ ಉತ್ತರಕ್ಕೇ ಇದೆ. ಅಲ್ಲಿರುವ ಒಬ್ಬ ಹುಡುಗಿಗೆ ಅದೇ ಹೊತ್ತಿಗೆ 30 ಸೆಂ.ಮೀ. ಸ್ಕೇಲ್ ನಿಲ್ಲಿಸಲು ಹೇಳಿದೆ. ನಾನು ಇಲ್ಲಿ ತಾರಸಿ ಮೇಲೆ, ಕಾಲು ಸುಡುತ್ತಿತ್ತು. ನನ್ನ ಸ್ಕೇಲಿಗೆ ನೆರಳಿಲ್ಲ, ಅವಳದಕ್ಕೆ 7 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಅವಳ ಸ್ಕೇಲಿಗೂ ಬಿಸಿಲಿಗೂ ನಡುವಿನ ಕೋನ ಸುಮಾರು 13.5 ಡಿಗ್ರಿ, ಭೂಮಿಯ ದುಂಡಿನಲ್ಲಿ ಎರಡೂರಿನ ಮಧ್ಯದ ಕೋನವೂ ಅಷ್ಟೇ. ಎರಡೂರಿನ ಮಧ್ಯೆ ನೇರ ದೂರ ಸುಮಾರು 1500 ಕಿ.ಮೀ. ಅಷ್ಟು ಡಿಗ್ರಿಗೆ ಇಷ್ಟಾದರೆ 360ಕ್ಕೆ ಎಷ್ಟು? ಅವಳೇ ಬರೆದಳು, 40,000 ಕಿ.ಮೀ. ಭೂಮಿಯ ಸುತ್ತಳತೆ, ಒಂದು ಪ್ಲಾಸ್ಟಿಕ್ ಸ್ಕೇಲಿನಿಂದ! ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದೂ ಇದನ್ನೇ ಅಂತ ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಅದು ಬರೀ ಪಾಠ ಆಗುತ್ತಿತ್ತು.

ಈಗ ಅವಳದೇ ತಕರಾರು, ದೆಹಲಿಗೆ ಯಾಕೆ ನೆರಳಿಲ್ಲದ ದಿನ ಬರೋದೇ ಇಲ್ಲ, ಬಳ್ಳಾರಿಗೆ ಮಾತ್ರ ವರ್ಷಕ್ಕೆ ಎರಡು ಸಲ ಯಾಕೆ ಅಂತ. ಉತ್ತರ ನಾನು ಹೇಳಿಲ್ಲ. ಗ್ಲೋಬ್ ತಗೊಂಡು ಕೂತಿದ್ದಾಳಂತೆ. ಎರಡನೇ ಸಲ ಬರುವುದು ಆಗಸ್ಟ್ ಎರಡನೇ ವಾರದ ಹೊತ್ತಿಗೆ, ಅವತ್ತು ಮೋಡ ಇಲ್ಲದಿದ್ದರೆ ಮತ್ತೆ ತಾರಸಿ ಹತ್ತಬೇಕು. ಈ ಸಲ ಚಪ್ಪಲಿ ಹಾಕ್ಕೊಂಡು.