ಚಿಯಾಯಿಯಲ್ಲಿ ಇಳಿದುಕೊಳ್ಳಿ ಮಾರಾಯ್ರೆ

ತೈವಾನಿಗೆ ಹೋಗಿ ಬಂದ ನಮ್ಮವರ ವಾಲ್ ತುಂಬಾ ಆಲಿಶಾನ್ ಬೆಟ್ಟದ ಸೂರ್ಯೋದಯವೇ. ಬೆಟ್ಟದ ರೈಲು ಹೊರಡುವ ಚಿಯಾಯಿ ಊರು ಮಾತ್ರ ಯಾರ ಫೋಟೋದಲ್ಲೂ ಇಲ್ಲ. ರೈಲು ಬದಲಿಸಿದರು, ಹೋದರು. ಹೋದ ಸಲ ನಾನೂ ಅದನ್ನೇ ಮಾಡಿದ್ದೆ. ಈ ಸಲ ಎರಡು ದಿನ ಊರಲ್ಲೇ ಉಳಿದೆ, ಬೆಟ್ಟ ಹತ್ತಲೇ ಇಲ್ಲ.

ಊರಿನ ಹಳೆಯ ಹೆಸರು ಚುಲೊ. 1787ರಲ್ಲಿ ದಂಗೆಕೋರರು ಮುತ್ತಿಗೆ ಹಾಕಿದಾಗ ಊರಿನವರು ತಿಂಗಳುಗಟ್ಟಲೆ ಬಗ್ಗದೆ ತಡೆದು ನಿಂತರು. ಖುಷಿಯಾದ ಚೀನಾದ ಚಿಯೆನ್‌ಲುಂಗ್ ಚಕ್ರವರ್ತಿ ಅವರ ನಿಷ್ಠೆಯನ್ನು ಮೆಚ್ಚಿ 'ಚಿಯಾಯಿ', ಅಂದರೆ 'ಮೆಚ್ಚಿದ ನಿಷ್ಠೆ', ಅಂತ ಹೆಸರಿಟ್ಟ. ಹೊಟ್ಟೆಗೆ ಏನು ಕೊಟ್ಟನೋ, ಬಿರುದಂತೂ ಕೊಟ್ಟ!

ಈ ಬಿರುದು ನನಗೆ ಕಹಿಯಾಗಿದ್ದು ರೈಲ್ವೆ ಸ್ಟೇಷನ್ನಿನ ಮುಂದೆ. ಚೆನ್ ಚೆಂಗ್-ಪೊ ಇದೇ ಊರಿನ ಚಿತ್ರಕಾರರು, ಹುಟ್ಟಿದ್ದು 1895ರಲ್ಲಿ, ತೈವಾನ್ ಜಪಾನಿನ ಕೈಸೇರಿದ ವರ್ಷ. 1926ರಲ್ಲಿ ಜಪಾನಿನ ಸಾಮ್ರಾಜ್ಯ ಕಲಾ ಪ್ರದರ್ಶನಕ್ಕೆ ಆಯ್ಕೆಯಾದದ್ದು ಅವರು ಬಿಡಿಸಿದ ಚಿಯಾಯಿಯ ಬೀದಿ. ಶಾಂಘೈಯಲ್ಲಿ ಮೇಷ್ಟ್ರಾಗಿದ್ದವರು, ಚೀನಾದ ಮ್ಯಾಂಡರಿನ್ ಭಾಷೆ ಬರುತ್ತಿತ್ತು. ಜಪಾನ್ ಯುದ್ಧದಲ್ಲಿ ಸೋತು ತೈವಾನ್ ಚೀನಾದ ಕೈಸೇರಿದ ಮೇಲೆ, 1947ರಲ್ಲಿ ಜನ ಸರ್ಕಾರದ ವಿರುದ್ಧ ಎದ್ದ ಗಲಭೆಯಲ್ಲಿ, ಚೀನೀ ಸೈನ್ಯದ ಜೊತೆ ಸಂಧಾನ ಮಾತಾಡಲು ವಿಮಾನ ನಿಲ್ದಾಣಕ್ಕೆ ಹೋದವರಲ್ಲಿ ಅವರೂ ಒಬ್ಬರು. ಸೈನಿಕರು ಅವರನ್ನು ಹಿಡಿದು ಕಟ್ಟಿದರು. ಮಾರ್ಚ್ 25ರಂದು ಇದೇ ಸ್ಟೇಷನ್ ಎದುರು, ಜನರ ಕಣ್ಣೆದುರೇ ಗುಂಡಿಟ್ಟರು. ಹೆಂಡತಿ ಗುಟ್ಟಾಗಿ ಫೋಟೋಗ್ರಾಫರನ್ನು ಕರೆಸಿ ಹೆಣದ ಫೋಟೋ ತೆಗೆಸಿ ಬಚ್ಚಿಟ್ಟರು. ಚಿತ್ರಗಳನ್ನೂ ಕಾಪಾಡಿದರು. 1987ರಲ್ಲಿ ಸೈನಿಕ ಕಾನೂನು ತೆಗೆಯುವವರೆಗೂ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಈಗ ಟ್ಯಾಕ್ಸಿಯವರು ಅಲ್ಲಿ ನಿಂತು 'ಆಲಿಶಾನ್? ಆಲಿಶಾನ್?' ಅಂತ ಕೂಗುತ್ತಾರೆ.

ಬೆಟ್ಟದ ರೈಲು 1912ರದ್ದು, ಹಿನೊಕಿ ಅನ್ನುವ ಸೈಪ್ರೆಸ್ ಜಾತಿಯ ಮರ ಇಳಿಸಲು ಜಪಾನಿನವರು ಹಾಕಿದ್ದು. ಅರಣ್ಯ ಇಲಾಖೆಯವರಿದ್ದ ಮರದ ಮನೆಗಳನ್ನು ದುರಸ್ತಿ ಮಾಡಿ ಚೆಂದವಾಗಿಟ್ಟಿದ್ದಾರೆ. ಒಳಗೆ ಹೋದರೆ ನಿಂಬೆಸಿಪ್ಪೆ ಚಿವುಟಿದ ಹಾಗೆ ಘಮ. ಆದರೆ ಬರೀ ಸೋಪು, ಕೀಚೈನು ಮಾರುವ ಅಂಗಡಿಗಳು. ಅರ್ಧ ಗಂಟೆ ಸಾಕು. ಅದಕ್ಕಿಂತ ಕಾರಂಜಿ ಸರ್ಕಲ್ ವಾಸಿ. ಅಲ್ಲಿ ನಿಂತಿರುವ ಮೂರ್ತಿ ರಾಜನದ್ದೂ ಅಲ್ಲ, ದಂಡನಾಯಕನದ್ದೂ ಅಲ್ಲ, ಚೆಂಡೆಸೆಯುವ ಹುಡುಗನದ್ದು. 1931ರಲ್ಲಿ ಈ ಊರಿನ ಕೃಷಿ ಶಾಲೆಯ ಬೇಸ್‌ಬಾಲ್ ತಂಡ ಜಪಾನಿನ ಶಾಲಾ ತಂಡಗಳ ದೊಡ್ಡ ಪಂದ್ಯಾವಳಿ ಕೋಶಿಯೆನ್‌ನ ಫೈನಲ್‌ವರೆಗೆ ಹೋಗಿತ್ತು. ಹತ್ತಿರದಲ್ಲೇ ಟರ್ಕಿ ಕೋಳಿ ಅನ್ನದ ಅಂಗಡಿಗಳಿವೆ: ಪುಟ್ಟ ಬಟ್ಟಲಲ್ಲಿ ಬಿಸಿ ಅನ್ನ, ಎಳೆ ಎಳೆಯಾಗಿ ಬಿಡಿಸಿದ ಮಾಂಸ, ಮೇಲೆ ಕರಿದ ಸಣ್ಣೀರುಳ್ಳಿ. ನಾನು ಮೂರು ಬಟ್ಟಲು ತಿಂದೆ, ನಾಚಿಕೆ ಏನಿಲ್ಲ.

ಚೆನ್ ಕೂತು ಬಿಡಿಸಿದ ಹಲವು ಜಾಗಗಳಲ್ಲಿ ಈಗ ಅವರ ಚಿತ್ರಗಳ ಪ್ರತಿ ನಿಲ್ಲಿಸಿದ್ದಾರೆ. ಬೀದಿಯ ಕರೆಂಟ್ ಕಂಬಗಳೆಂದರೆ ಅವರಿಗೆ ಬಲು ಇಷ್ಟ. ಒಂದು ಪ್ರತಿಯ ಎದುರು ಯಾರೋ ಸ್ಕೂಟರ್ ನಿಲ್ಲಿಸಿದ್ದರು. ಬಗ್ಗಿ ನೋಡಿದೆ. ಚಿತ್ರದಲ್ಲಿನ ಕಂಬ ಯಾವುದಿರಬಹುದು ಅಂತ ರಸ್ತೆಯಲ್ಲಿ ಹುಡುಕುತ್ತಾ ನಿಂತಿದ್ದೆ. ಬೆಟ್ಟದ ರೈಲು ಹೋಗಿಯಾಗಿತ್ತು.