ಅಂಗಡಿ ಹತ್ತಿರ ಇಳಿಯಿರಿ

ಕಟಪಾಡಿಯಿಂದ ಶಿರ್ವದ ಕಡೆ ಹೋಗುವಾಗ ಸಿಗುವ ಒಂದು ಮೂರುಮಾರ್ಗದ ಬದಿಯಲ್ಲಿ ನಮ್ಮ ಮನೆ. ಯಾರು ಕೇಳಿದರೂ ‘ಮಾಮನ ಅಂಗಡಿ ಹತ್ತಿರ ಇಳಿಯಿರಿ’ ಅನ್ನುತ್ತೇವೆ. ಅಂಗಡಿಗೆ ಬೀಗ ಬಿದ್ದು ವರ್ಷಗಳಾದವು, ಮಾಮನೂ ಇಲ್ಲ. ದಕ್ಷಿಣ ಕನ್ನಡದಲ್ಲಿದ್ದ ನಮ್ಮನ್ನು 1997ರಲ್ಲಿ ಉಡುಪಿ ಜಿಲ್ಲೆ ಮಾಡಿದರು, ಹೆದ್ದಾರಿಯ ನಂಬರು 17 ಹೋಗಿ 66 ಆಯಿತು. ಸ್ಟಾಪಿನ ಹೆಸರು ಮಾತ್ರ ಅಲುಗಾಡಲಿಲ್ಲ.

ಒಂದು ಕಾಲದಲ್ಲಿ ಬೆಳಿಗ್ಗೆ ಆ ಜಗಲಿ ತುಂಬ ಮಲ್ಲಿಗೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೂ ತಂದ ಹೆಂಗಸರು ಸಾಮಾನನ್ನೂ ಅಲ್ಲೇ ಕಟ್ಟಿಸಿಕೊಳ್ಳುತ್ತಿದ್ದರು. ಹಾಗಾಗಿ ಮಾಮನ ಬೆಲ್ಲಕ್ಕೆ ಮಲ್ಲಿಗೆಯ ಪರಿಮಳ, ಮಲ್ಲಿಗೆಗೆ ಚಿಮಿಣಿ ಎಣ್ಣೆಯ ವಾಸನೆ.

ಆ ಚಿಮಿಣಿ ಎಣ್ಣೆಯದ್ದೇ ಕತೆ. ನನ್ನ ಕೈಗೆ ಎರಡು ಹಸಿರು ಬಾಟ್ಲಿ ಕೊಟ್ಟು ಕಳಿಸುತ್ತಿದ್ದರು. ಕುತ್ತಿಗೆಗೆ ಹಗ್ಗ, ಬಾಯಿಗೆ ಕಾಗದದ ಬಿರಡೆ. ಬಲಗೈಯಲ್ಲಿ ತೆಂಗಿನೆಣ್ಣೆ, ಎಡಗೈಯಲ್ಲಿ ಚಿಮಿಣಿ ಎಣ್ಣೆ, ಇದು ಅಜ್ಜಿಯ ಕಾನೂನು. ಆ ದಿನ ಗೇರುಹಣ್ಣು ಹೆಕ್ಕಲಿಕ್ಕೆ ಎರಡನ್ನೂ ಕೆಳಗಿಟ್ಟೆ. ಎತ್ತಿಕೊಳ್ಳುವಾಗ ಕೈ ಬದಲಾಯಿತು.

ಸಂಜೆ ಅಜ್ಜ ತಲೆಗೆ ಎಣ್ಣೆ ತಿಕ್ಕಿಕೊಂಡರು. ಮೂಗಿಗೆ ಗೊತ್ತಾಗಲಿಲ್ಲವಾ ಅಂತ ಕೇಳಬೇಡಿ. ಅದೇ ಅಂಗಡಿಯ ನಸ್ಯ ಏರಿಸಿ ಏರಿಸಿ ಆ ಮೂಗು ಯಾವಾಗಲೋ ರಿಟೈರ್ ಆಗಿತ್ತು. ‘ಈ ಸಲದ ಎಣ್ಣೆ ಭಾರೀ ತಂಪು ಉಂಟು’ ಎಂದು ಇನ್ನೊಮ್ಮೆ ಹಚ್ಚಿ, ಕಿವಿಯಲ್ಲಿದ್ದ ಬೀಡಿ ತೆಗೆದು, ಕಡ್ಡಿಪೆಟ್ಟಿಗೆ ಹುಡುಕತೊಡಗಿದರು. ಒಳಗೆ ಅಜ್ಜಿಯ ಚಿಮಿಣಿ ದೀಪ ಎಷ್ಟು ಹಚ್ಚಿದರೂ ಚಟಪಟ ಎಂದು ನಂದುತ್ತಿತ್ತು. ಬಾಟ್ಲಿ ಮೂಸಿ ನೋಡಿದ ಅಜ್ಜಿ ಕೂಗಲೂ ಇಲ್ಲ, ಬೈಯಲೂ ಇಲ್ಲ. ಹೊರಗೆ ಬಂದವರೇ ಒಂದು ಕೊಡಪಾನ ನೀರು ಅಜ್ಜನ ತಲೆ ಮೇಲೆ ಹೊಯ್ದರು.

‘ಬೀಡಿ ಬೇಡ ಅಂತ ಬಾಯಲ್ಲಿ ಹೇಳಿದರೆ ಸಾಕಿತ್ತು ಮಾರಾಯ್ತಿ!’ ಎಂದರು ಅಜ್ಜ.

ನಾನು ಆಗಲೇ ಹಟ್ಟಿಯಲ್ಲಿ ದನದ ಹಿಂದೆ ಇದ್ದೆ. ವಿಷಯ ತಿಳಿದ ಮಾಮ ಮರುದಿನ ತೆಂಗಿನೆಣ್ಣೆ ಬಾಟ್ಲಿಗೆ ಕೆಂಪು ನೂಲು ಕಟ್ಟಿಕೊಟ್ಟರು. ಲೆಕ್ಕದ ಪುಸ್ತಕದಲ್ಲಿ ‘ನೂಲು, 5 ಪೈಸೆ’ ಎಂದು ಬರೆಯಲಿಕ್ಕೆ ಮರೆಯಲಿಲ್ಲ.

ಮೊನ್ನೆ ಪಾರ್ಸೆಲ್ ಹುಡುಗ ಫೋನ್ ಮಾಡಿದ. ‘ಮಾಮನ ಅಂಗಡಿ ಹತ್ತಿರ ಬನ್ನಿ’ ಎಂದೆ.

‘ಇಲ್ಲಿ ಅಂಗಡಿಯೇ ಇಲ್ಲ ಸಾರ್.’

‘ಅದೇ ಜಾಗ. ಮುಚ್ಚಿದ ಬಾಗಿಲು ಕಾಣ್ತದಲ್ಲ?’

‘ಮುಚ್ಚಿದ್ದು ಮೂರು ಉಂಟು ಸಾರ್.’

‘ಯಕ್ಷಗಾನದ ಪೋಸ್ಟರ್ ಅಂಟಿಸಿದ್ದು ನೋಡಿ.’

‘ಮೂರಕ್ಕೂ ಅಂಟಿಸಿದ್ದಾರೆ!’

ಕೊನೆಗೆ ಲುಂಗಿ ಎತ್ತಿ ಕಟ್ಟಿ ನಾನೇ ಹೋದೆ. ಪಾರ್ಸೆಲ್‌ನಲ್ಲಿದ್ದದ್ದು ಅರ್ಧ ಲೀಟರ್ ತೆಂಗಿನೆಣ್ಣೆ. ಅಲ್ಲೇ ಮಾಮನ ಜಗಲಿಯಲ್ಲಿ ಕೂತು, ಮುಚ್ಚಳ ತೆಗೆದು, ಒಮ್ಮೆ ಮೂಸಿ ನೋಡಿದೆ.